ಏಳನೆಯ ಡಬ್ಬಿಯ ಬಿಳುಪು

ಘಟನೆಗಳು ನಡೆದ ಕ್ರಮವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಏಳನೆಯ ಡಬ್ಬಿಯ ಮುಚ್ಚಳ ತೆರೆಯಿತು. ಮಂಗಳವಾರ ಮಧ್ಯಾಹ್ನ ಮೂರರ ಹೊತ್ತಿಗೆ ಮೊದಲ ಅಳತೆ ಮುಗಿಯಿತು. ಬುಧವಾರ ಹನ್ನೊಂದಕ್ಕೆ ನಿರ್ದೇಶಕರು ಬಂದರು, ಊಟದ ಹೊತ್ತಿಗೆ ಹೊರಟುಹೋದರು. ಗುರುವಾರ ಬೆಳಿಗ್ಗೆ ತಿಂಡಿಯ ಮೇಜಿನ ಮುಂದೆ ಅಪ್ಪನಿಗೆ ವಿಷಯ ತಿಳಿಯಿತು. ಶುಕ್ರವಾರ ನಾಲ್ಕು ಗಂಟೆಯೊಳಗೆ ವರದಿ ಸಲ್ಲಿಕೆಯಾಗಬೇಕಿತ್ತು. ಶನಿವಾರ ಸಂಜೆ ಪ್ರದರ್ಶನವಿತ್ತು.

ಚಿತ್ರಭಂಡಾರದ ಫಿಲ್ಮ್ ಪರೀಕ್ಷಕಿಗೆ ಈ ವಾರದಿಂದ ಬೇಕಾಗಿದ್ದುದು ಒಂದೇ. ನಲವತ್ತೊಂದು ವರ್ಷಗಳಿಂದ ಅಪ್ಪ ಹೊತ್ತುಕೊಂಡು ತಿರುಗುತ್ತಿದ್ದ ತಪ್ಪು ಅಪ್ಪನದಲ್ಲ ಎಂದು ತೋರಿಸಬೇಕಿತ್ತು.

ಆ ಸಿನಿಮಾಕ್ಕೆ ಬೇರೆ ಹೆಸರೇ ಇತ್ತು. ಆದರೆ ಊರೆಲ್ಲ ಅದನ್ನು ‘ಬಿಳಿ ಸಿನಿಮಾ’ ಎಂದೇ ಕರೆಯುತ್ತಿತ್ತು. ಚಿತ್ರಕಾರನೊಬ್ಬನಿಗೆ ಇದ್ದಕ್ಕಿದ್ದಂತೆ ಕೈ ಓಡದಾಗುತ್ತದೆ. ಅವನ ಮುಂದಿರುವ ಖಾಲಿ ಕ್ಯಾನ್‌ವಾಸು ದಿನದಿಂದ ದಿನಕ್ಕೆ ಬೆಳೆಯುತ್ತದೆ: ಮೊದಲು ಕಿಟಕಿ ಮುಚ್ಚುತ್ತದೆ, ಆಮೇಲೆ ಬಾಗಿಲು, ಆಮೇಲೆ ಗೋಡೆ. ಚಿತ್ರ ಬೇಕೆಂದು ಬಂದವರು ತಮ್ಮ ತಮ್ಮ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ಸಾಲಾಗಿ ನಿಂತಿರುತ್ತಾರೆ. ಸತ್ತುಹೋದ ತಾಯಿ ಬಂದು ಟೇಪು ಹಿಡಿದು ಮಗನ ಎತ್ತರ ಅಳೆದು, ‘ನಿನ್ನೆಗಿಂತ ಕಡಿಮೆಯಾಗಿದ್ದೀಯ’ ಎಂದು ಬೈಯುತ್ತಾಳೆ. ಕಡೆಗೆ ಅವನು ಕ್ಯಾನ್‌ವಾಸಿನ ಹತ್ತಿರ, ಇನ್ನೂ ಹತ್ತಿರ ಹೋಗಿ ನಿಲ್ಲುತ್ತಾನೆ. ಅಲ್ಲಿಂದ ಮುಂದೆ ನಾಲ್ಕು ನಿಮಿಷ ಇಪ್ಪತ್ತಮೂರು ಸೆಕೆಂಡು ಪರದೆಯ ಮೇಲೆ ಬಿಳುಪು ಬಿಟ್ಟರೆ ಬೇರೇನೂ ಇಲ್ಲ. ಚಿತ್ರಮಂದಿರದಲ್ಲಿ ಕೂತವರ ಮುಖವೆಲ್ಲ ಆ ಬೆಳಕಿಗೆ ಸುಣ್ಣ ಬಳಿದಂತಾಗುತ್ತದೆ. ಯಾರೋ ಕೆಮ್ಮುತ್ತಾರೆ, ಯಾರೋ ಅಳುತ್ತಾರೆ. ಆಮೇಲೆ ದೀಪ ಹತ್ತುತ್ತದೆ.

ಕಲಾವಿದನ ಕೈ ಕಟ್ಟಿಹೋಗುವುದನ್ನು ಇಷ್ಟು ನಿಷ್ಠುರವಾಗಿ ಯಾರೂ ತೋರಿಸಿಲ್ಲ ಎಂದು ವಿಮರ್ಶಕರು ಹೊಗಳಿದ್ದೇ ಹೊಗಳಿದ್ದು. ನಿರ್ದೇಶಕರು ಮಾತ್ರ ಮೊದಲ ಸಂದರ್ಶನದಿಂದಲೂ ಒಂದೇ ಮಾತು ಹೇಳುತ್ತ ಬಂದಿದ್ದರು: ‘ಅದು ನನ್ನದಲ್ಲ. ಅಲ್ಲಿ ನಾನು ಬೇರೆಯದನ್ನು ತೆಗೆದಿದ್ದೆ. ನನ್ನ ಜೀವನದ ಅತಿ ಒಳ್ಳೆಯ ಶಾಟ್ ಅದು. ಲ್ಯಾಬಿನಲ್ಲಿ ಒಬ್ಬ ಬಾಗಿಲು ತೆಗೆದ; ಬೆಳಕು ಬಿದ್ದು ಎಲ್ಲ ಹೋಯಿತು. ಮತ್ತೆ ತೆಗೆಯಲು ದುಡ್ಡಿರಲಿಲ್ಲ, ನಿರ್ಮಾಪಕ ಆ ರೋಲನ್ನೇ ಕೊನೆಗೆ ಅಂಟಿಸಿ ಬಿಡುಗಡೆ ಮಾಡಿದ.’ ಆ ಸಿನಿಮಾ ಆದ ಮೇಲೆ ಅವರು ಇನ್ನೊಂದು ಸಿನಿಮಾ ಮಾಡಲಿಲ್ಲ.

ಬಾಗಿಲು ತೆಗೆದವನು ಪರೀಕ್ಷಕಿಯ ಅಪ್ಪ. ಅದೂ ಅವಳು ಹುಟ್ಟಿದ ದಿನವೇ. ಕತ್ತಲೆಕೋಣೆಯಲ್ಲಿ ಡಬ್ಬಿ ಬಿಚ್ಚಿ, ಫಿಲ್ಮನ್ನು ಯಂತ್ರಕ್ಕೆ ಏರಿಸುವ ಹೊತ್ತಿಗೆ ಸರಿಯಾಗಿ ಕಾವಲುಗಾರ ಬಾಗಿಲು ಬಡಿದು ‘ಹೆಣ್ಣು ಮಗುವಂತೆ!’ ಎಂದು ಕೂಗಿದ್ದ. ಅಪ್ಪ ಮೈಮರೆತು ಬಾಗಿಲು ತೆಗೆದಿದ್ದರು. ಮೂರು ಸೆಕೆಂಡು. ಮುಚ್ಚಿದರು, ಯಂತ್ರ ಓಡಿಸಿದರು, ಆಸ್ಪತ್ರೆಗೆ ಓಡಿದರು. ಮರುದಿನ ಬಂದಾಗ ಲ್ಯಾಬಿನ ಯಜಮಾನ, ‘ಆ ರೋಲು ಪೂರಾ ಕರ್ರಗಾಗಿದೆಯಲ್ಲಯ್ಯ’ ಎಂದ. ನೆಗೆಟಿವ್‌ನಲ್ಲಿ ಕಪ್ಪಾದದ್ದು ಪರದೆಯ ಮೇಲೆ ಬಿಳುಪು. ಅಪ್ಪ ತಕ್ಷಣ ತಪ್ಪು ಒಪ್ಪಿಕೊಂಡರು, ಕೆಲಸ ಹೋಯಿತು. ರೋಲನ್ನು ಅವರು ಕಣ್ಣಿನಿಂದ ನೋಡಲೇ ಇಲ್ಲ. ಒಪ್ಪಿಕೊಂಡವನೊಬ್ಬ ಕೈಗೆ ಸಿಕ್ಕ ಮೇಲೆ ಅದನ್ನು ಅಳೆದು ನೋಡುವ ಉಸಾಬರಿ ಬೇರೆ ಯಾರಿಗೂ ಬೇಕಿರಲಿಲ್ಲ. ಮುಂದೆ ಅಪ್ಪ ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ತೊಳೆಯುವ ಕೆಲಸ ಹಿಡಿದು ಮೂವತ್ತು ವರ್ಷ ಅಲ್ಲೇ ಸವೆಸಿದರು.

ಮೂಲ ನೆಗೆಟಿವ್ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಈ ವರ್ಷ ನಿರ್ಮಾಪಕನ ಮೊಮ್ಮಗ ಗೋದಾಮು ಖಾಲಿ ಮಾಡುವಾಗ ಏಳು ಡಬ್ಬಿಗಳು ಸಿಕ್ಕವು; ಆ ಕಡೆಯ ರೋಲಿದ್ದುದು ಏಳನೆಯದರಲ್ಲಿ. ಚಿತ್ರಭಂಡಾರ ಸಿನಿಮಾವನ್ನು ಶುದ್ಧಗೊಳಿಸಿ ಮತ್ತೆ ತೋರಿಸಲು ನಿರ್ಧರಿಸಿತು. ವೇದಿಕೆಯ ಮೇಲೆ ನಿರ್ದೇಶಕರ ಪಕ್ಕದಲ್ಲಿ ‘ಬಾಗಿಲು ತೆಗೆದವರನ್ನು’ ಕೂರಿಸಿದರೆ ಚೆನ್ನಾಗಿರುತ್ತದೆಂದು ಯಾರಿಗೋ ಹೊಳೆದು, ಅಪ್ಪನಿಗೆ ಆಮಂತ್ರಣವೂ ಹೋಯಿತು. ಮಗಳ ಮೈ ಉರಿದುಹೋಯಿತು. ಮುದುಕನನ್ನು ನಾಲ್ಕು ಜನರ ಮುಂದೆ ಕೂರಿಸಿ ‘ಇವನೇ ಹಾಳುಮಾಡಿದವನು’ ಎಂದು ತೋರಿಸುವುದು ಯಾವ ಮರ್ಯಾದೆ?

‘ನಿಮ್ಮಪ್ಪನ ಕೇಸು ನೀವೇ ನೋಡ್ತೀರಾ?’ ಎಂದು ಭಂಡಾರದ ಮುಖ್ಯಸ್ಥೆ ಕೇಳಿದ್ದರು.

‘ಎರಡನೇ ಅಳತೆ ದುರ್ಬೀನು ಮಾಡಲಿ ಮೇಡಂ. ಇಬ್ಬರ ಅಂಕಿಯೂ ಒಂದೇ ಆದ್ರೆ ಮಾತ್ರ ಸಹಿ.’

ದುರ್ಬೀನು ಎಂದರೆ ಸ್ಕ್ಯಾನರ್ ನಡೆಸುವವನು. ಭೂತಗನ್ನಡಿಯನ್ನು ಸದಾ ಬಲಗಣ್ಣಿಗೆ ಒತ್ತಿಕೊಂಡೇ ಇರುತ್ತಿದ್ದುದರಿಂದ ಆ ಕಣ್ಣಿನ ಸುತ್ತ ಒಂದು ಉಂಗುರ ಬಿದ್ದುಹೋಗಿತ್ತು. ಅವನ ಮದುವೆಯ ಫೋಟೋದಲ್ಲೂ ಆ ಉಂಗುರ ಕಾಣುತ್ತದೆಂದು ಭಂಡಾರದಲ್ಲಿ ನಗುತ್ತಿದ್ದರು.

ಪ್ರತಿ ಸಿನಿಮಾಕ್ಕೂ ಭರ್ತಿ ಮಾಡಬೇಕಾದ ವರದಿಯಲ್ಲಿ ‘ದೋಷದ ಮೂಲ’ ಎಂಬ ಅಂಕಣವಿತ್ತು. ಅಲ್ಲಿ ಕ್ಯಾಮೆರಾ, ಲ್ಯಾಬ್, ಸಂಗ್ರಹ, ನಿರ್ಧರಿಸಲಾಗಿಲ್ಲ, ಈ ನಾಲ್ಕರಲ್ಲಿ ಒಂದನ್ನು ಬರೆದು, ಕೆಳಗೆ ಕಾರಣ ಕೊಡಬೇಕು. ಈ ವರದಿಯೇ ಪ್ರದರ್ಶನದ ಕೈಪಿಡಿಯ ಮೊದಲ ಪುಟದಲ್ಲಿ ಅಚ್ಚಾಗುವುದು ರೂಢಿ.

ಕಾರಣ ಹುಡುಕುವುದು ಕಷ್ಟವಿರಲಿಲ್ಲ. ಫಿಲ್ಮಿನ ಒಂದೊಂದು ಚಿತ್ರಕ್ಕೂ ಒಂದು ಚೌಕವಿದೆ. ಆ ಚೌಕಕ್ಕೆ ಫ್ರೇಮ್ ಎನ್ನುತ್ತಾರೆ. ಎರಡು ಫ್ರೇಮುಗಳ ನಡುವೆ ಒಂದು ಸಣ್ಣ ಗೆರೆ, ಎರಡೂ ಅಂಚುಗಳಲ್ಲಿ ತೂತುಗಳ ಸಾಲು. ಕ್ಯಾಮೆರಾದೊಳಗೆ ಬೆಳಕು ಒಂದು ಕಿಂಡಿಯಿಂದ ಬರುತ್ತದೆ. ಅದು ಎಷ್ಟೇ ಪ್ರಖರವಾಗಿದ್ದರೂ ಫ್ರೇಮನ್ನು ಮಾತ್ರ ಕಪ್ಪಾಗಿಸುತ್ತದೆ, ಗೆರೆಯನ್ನೂ ಅಂಚನ್ನೂ ಮುಟ್ಟುವುದಿಲ್ಲ. ಕೋಣೆಯ ಬಾಗಿಲಿನಿಂದ ನುಗ್ಗಿದ ಬೆಳಕಿಗೆ ಗೆರೆಯ ಹಂಗೂ ಇಲ್ಲ, ಅಂಚಿನ ಹಂಗೂ ಇಲ್ಲ. ಅದು ಸಿಕ್ಕಿದ ಕಡೆಯೆಲ್ಲ ಮಸಿ ಹಚ್ಚುತ್ತದೆ.

ಸೋಮವಾರ ಡಬ್ಬಿ ತೆರೆದಾಗ, ಹಳೆಯ ಫಿಲ್ಮು ಕೆಡತೊಡಗಿದಾಗ ಬರುವ ವಿನೆಗರಿನ ಘಾಟು ಮೂಗಿಗೆ ಬಡಿಯಿತು. ಫಿಲ್ಮಿನ ಸುರುಳಿ ಸ್ವಲ್ಪ ಸೊಟ್ಟಗಾಗಿತ್ತು, ಅಷ್ಟೆ. ಅವಳು ಬಿಳಿ ಕೈಗವಸು ತೊಟ್ಟು, ದೀಪದ ಮೇಜಿನ ಮೇಲೆ ಅಂಗುಲ ಅಂಗುಲವಾಗಿ ಅದನ್ನು ಎಳೆಯುತ್ತ ಹೋದಳು. ಕಪ್ಪು ಶುರುವಾದ ಜಾಗ ಬಂತು. ಕಪ್ಪು ಚೌಕ, ಗೆರೆ. ಮತ್ತೆ ಕಪ್ಪು ಚೌಕ, ಗೆರೆ. ಗೆರೆಗಳು ಒರೆಸಿಟ್ಟ ಗಾಜಿನಂತಿದ್ದವು. ಅಂಚಿನಲ್ಲಿ ಕಾರ್ಖಾನೆಯವರು ಅಚ್ಚೊತ್ತಿದ ಸಣ್ಣ ಅಂಕಿಗಳನ್ನು ಕನ್ನಡಕವಿಲ್ಲದೆಯೇ ಓದಬಹುದಿತ್ತು.

‘ಮೇಡಂ, ಏನಾಯ್ತು? ಬಾಯಿ ತೆಗ್ದಿದ್ದೀರ, ಮಾತು ಬರ್ತಿಲ್ಲ,’ ಎಂದ ದುರ್ಬೀನು.

‘ಬಾ ಇಲ್ಲಿ. ಅಂಚು ನೋಡು.’

ಅವನು ಕನ್ನಡಿ ಒತ್ತಿ ನೋಡಿದ. ‘ಅಯ್ಯೋ, ಇದನ್ನ ನಮ್ಮಜ್ಜಿಗೆ ತೋರಿಸಿದ್ರೂ ಕ್ಯಾಮೆರಾ ಅಂತಾರೆ.’

‘ಅಜ್ಜಿ ಸಹಿ ನಡೆಯಲ್ಲ. ನೀನು ಅಳತೆ ತಗೋ.’

ಆರು ಸಾವಿರದ ಮುನ್ನೂರ ಇಪ್ಪತ್ತು ಫ್ರೇಮುಗಳಿದ್ದವು. ಹತ್ತಕ್ಕೊಂದರಂತೆ ಅಂಚಿನ ಸಾಂದ್ರತೆಯನ್ನು, ಅಂದರೆ ಅದು ಎಷ್ಟು ಕಪ್ಪಾಗಿದೆ ಎಂಬುದನ್ನು, ಅಳೆದರು. ಮಂಗಳವಾರ ಮೂರರ ಹೊತ್ತಿಗೆ ಇಬ್ಬರ ಪಟ್ಟಿಯೂ ಒಂದೇ ಆಗಿತ್ತು. ಅವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸ್ಕ್ಯಾನರಿನ ದೀಪವನ್ನು ಫಿಲ್ಮು ತಡೆದುಕೊಳ್ಳುವಷ್ಟೂ ಹೆಚ್ಚಿಸಿ, ಕಪ್ಪಿನ ಒಳಗೆ ಏನಾದರೂ ಅಡಗಿದೆಯೇ ಎಂದು ನೋಡಿದಳು. ಮಸುಕಾಗಿ ಬಟ್ಟೆಯ ನೇಯ್ಗೆ ಕಾಣಿಸಿತು. ಎಡಗಡೆ, ಕೆಳಮೂಲೆಯಲ್ಲಿ, ಒಂದು ಮೊಳೆಯ ತಲೆ. ಮೊದಲ ಫ್ರೇಮಿನಿಂದ ಕೊನೆಯ ಫ್ರೇಮಿನವರೆಗೆ ಅಷ್ಟೇ.

ಅಂದು ಮನೆಗೆ ಹೋಗುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ. ಆದರೂ ಬಾಯಿಗೆ ಬೀಗ ಹಾಕಿಕೊಂಡಳು. ಮರುದಿನ ನಿರ್ದೇಶಕರು ಬರುವವರಿದ್ದರು. ಅವರ ಹೇಳಿಕೆಯೂ ಕೈಗೆ ಬರಲಿ, ಆಮೇಲೆ ಅಪ್ಪನಿಗೆ ಪೂರ್ತಿಯಾಗಿ ಹೇಳೋಣ ಎಂಬುದು ಅವಳ ಲೆಕ್ಕಾಚಾರ.

ನಿರ್ದೇಶಕರು ಎಂಬತ್ತು ದಾಟಿದ ಕಡ್ಡಿಯಂಥ ಮನುಷ್ಯ. ಕೋಲೂರಿಕೊಂಡು ಬಂದು, ಕುರ್ಚಿ ಎಳೆದುಕೊಳ್ಳುವ ಮೊದಲೇ ಕೇಳಿದರು.

‘ಏನಾದ್ರೂ ಕಾಣಿಸ್ತಾ, ತಾಯಿ? ಈಗಿನ ಮಷೀನಲ್ಲಿ ಕಪ್ಪಿನ ಒಳಗಿಂದ ಚಿತ್ರ ತೆಗೀಬಹುದಂತಲ್ಲ. ಕ್ಯಾನ್‌ವಾಸಿನ ಒಳಗಿಂದ ಒಂದು ಕೈ ಬರುತ್ತೆ ಅದರಲ್ಲಿ. ನಿಧಾನಕ್ಕೆ. ಬಂದು ಅವನ ಮುಖ ಸವರುತ್ತೆ.’

‘ಕೈ ಇಲ್ಲ, ಸರ್.’

‘ಸರಿಯಾಗಿ ನೋಡಿದ್ಯಾ?’

ಅವಳು ತೆರೆಯನ್ನು ಅವರ ಕಡೆ ತಿರುಗಿಸಿದಳು. ನೇಯ್ಗೆ. ಎಡಗಡೆ ಮೊಳೆ. ಅವಳು ಮುಂದಕ್ಕೆ ಓಡಿಸಿದಳು. ಸಾವಿರನೆಯ ಫ್ರೇಮು, ಮೂರು ಸಾವಿರನೆಯ ಫ್ರೇಮು, ಆರು ಸಾವಿರನೆಯ ಫ್ರೇಮು. ಮೊಳೆ ಇದ್ದಲ್ಲೇ ಇತ್ತು. ನಿರ್ದೇಶಕರ ಮುಖ ಹಿಡಿಯಷ್ಟಾಯಿತು. ದುರ್ಬೀನು ಒಂದು ಲೋಟ ನೀರು ತಂದಿಟ್ಟು, ಬಾಗಿಲು ಎಳೆದುಕೊಂಡು ಹೋದ.

‘ಆ ಮೊಳೆ ಹೊಡೆದ ಬಡಗಿ ನನ್ನ ಜೊತೆ ಜಗಳ ಆಡಿದ್ದ,’ ಎಂದರು ಕಡೆಗೆ. ‘ದಿನಾ ಕೇಳೋನು, ನಾಳೆ ಏನು ಕಟ್ಬೇಕು ಸಾರ್ ಅಂತ. ದರ್ಜಿ ಕೇಳೋನು, ನಾಳೆ ಯಾವ ಅಂಗಿ ಅಂತ. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ನಾನು. ಇಪ್ಪತ್ತೆರಡು ದಿನ ಹಾಗೇ ದೂಡಿದೆ. ಕೊನೆ ದೃಶ್ಯ ಏನು ಅಂತ ನನಗೇ ಗೊತ್ತಿರಲಿಲ್ಲ.’

‘ಯಾರಿಗೂ ಹೇಳಲಿಲ್ವಾ?’

‘ಏನಂತ ಹೇಳ್ಲಿ? ಕಲಾವಿದನಿಗೆ ಕೈ ಕಟ್ಟಿಹೋಗೋ ಸಿನಿಮಾ ತೆಗೀತಾ ಇದ್ದೀನಿ, ನಂಗೇ ಕೈ ಕಟ್ಟಿಹೋಗಿದೆ ಅಂತ ಹೇಳಿದ್ರೆ ಬಿದ್ದು ಬಿದ್ದು ನಗೋರು.’ ಅವರು ತಾವೇ ನಗಲು ನೋಡಿದರು, ಆಗಲಿಲ್ಲ. ‘ನಿರ್ಮಾಪಕ ಒಳಗೆ ಬರ್ತಿರಲಿಲ್ಲ. ಬಾಗಿಲ ಹೊರಗೆ ಕಿವಿ ಇಟ್ಟು ನಿಂತಿರೋನು. ಕ್ಯಾಮೆರಾ ಓಡೋ ಸದ್ದು ಕೇಳಿದ್ರೆ ಅವನಿಗೆ ಸಮಾಧಾನ. ಆವತ್ತು ಎಲ್ಲರನ್ನೂ ಆಚೆ ಕಳಿಸಿದೆ. ಇದ್ದ ಹನ್ನೊಂದು ದೀಪಾನೂ ಖಾಲಿ ಕ್ಯಾನ್‌ವಾಸಿನ ಮೇಲೆ ಬಿಟ್ಟು, ಕ್ಯಾಮೆರಾದವನಿಗೆ ಓಡಿಸು ಅಂದೆ. ಏನನ್ನ ಸಾರ್ ಅಂದ. ಅದನ್ನೇ, ಅಂದೆ. ಲೆನ್ಸಿನ ಕಣ್ಣು ತೆರೆದಷ್ಟೂ ತೆರಿ, ರೋಲು ಮುಗಿಯೋವರೆಗೂ ಓಡ್ಲಿ. ಇಬ್ಬರೂ ನೆಲದ ಮೇಲೆ ಕೂತು ಆ ಸದ್ದು ಕೇಳ್ತಾ ಇದ್ವಿ. ಹೊರಗಿದ್ದವನು ಖುಷಿಯಾಗಿ ಮನೆಗೆ ಹೋದ.’

‘ಮತ್ತೆ ಆ ರೋಲು ಲ್ಯಾಬಿಗೆ ಹೋಗಿದ್ದು ಹೇಗೆ?’

‘ಡಬ್ಬಿ ತುಂಬಿದೆ ಅಂದ್ರೆ ಲ್ಯಾಬಿಗೆ ಹೋಗುತ್ತೆ, ಅದೇ ಪದ್ಧತಿ. ಮೇಲೆ ಚೀಟಿ ಅಂಟಿಸಿ ಕಳಿಸಿಬಿಟ್ರು. ಎಸೀರಿ ಅಂತ ಹೇಳೋಕೆ ಬೆಳಿಗ್ಗೆ ನಾನೇ ಹೊರಟಿದ್ದೆ. ಅಷ್ಟರಲ್ಲಿ ಲ್ಯಾಬಿನ ಯಜಮಾನ ಓಡಿ ಬಂದ. ನಮ್ಮ ಹುಡುಗ ಬಾಗಿಲು ತೆಗೆದುಬಿಟ್ಟ, ಒಪ್ಪಿಕೊಂಡಿದ್ದಾನೆ, ಕ್ಷಮಿಸಿ, ಏನಿತ್ತು ಅದರಲ್ಲಿ ಅಂದ.’ ಅವರು ಕೋಲನ್ನು ಮೊಣಕಾಲುಗಳ ನಡುವೆ ಬಿಗಿ ಹಿಡಿದರು. ‘ನನ್ನ ಜೀವನದ ಅತಿ ಒಳ್ಳೆ ಶಾಟ್ ಅಂದೆ. ಬಾಯಿಂದ ಬಂದುಬಿಡ್ತು. ಬಂದ ಮೇಲೆ ನಿಜ ಅನ್ನಿಸ್ತು. ಹತ್ತು ವರ್ಷ ಆದಮೇಲೆ ಆ ಕೈ ನನಗೆ ಕಾಣಿಸೋಕೇ ಶುರುವಾಯ್ತು. ಜನ ಆ ಬಿಳೀನ ಹೊಗಳಿದಷ್ಟೂ ನಾನು ಕೂತಲ್ಲೇ ಕೂತೆ. ನಾನು ಮಾಡಿದ್ದಕ್ಕೆ ಯಾರೂ ಬಾಯಿ ಬಿಡಲಿಲ್ಲ, ಮಾಡದೇ ಇದ್ದಿದ್ದಕ್ಕೆ ಕೈ ಮುಗಿದ್ರು. ಆಮೇಲೆ ಏನು ಅಂತ ಮಾಡೋದು, ಹೇಳು.’

ಅವಳು ತೆರೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

‘ಲ್ಯಾಬ್ ಅಂತಲೇ ಬರೆದುಬಿಡು ತಾಯಿ. ಆ ಕಪ್ಪಿನ ಕೆಳಗೆ ಏನೋ ಇತ್ತು ಅಂತ ಅಂದ್ಕೊಂಡೇ ಇಷ್ಟು ದೂರ ಬಂದೆ. ಅವನಿಗೂ ಅಭ್ಯಾಸ ಆಗಿಹೋಗಿರುತ್ತೆ. ಪಕ್ಕದಲ್ಲಿ ಕೂರಿಸಿ ಶಾಲು ಹೊದಿಸ್ತೀನಲ್ಲ.’

‘ಅವರು ನಮ್ಮಪ್ಪ, ಸರ್.’

ನಿರ್ದೇಶಕರು ಬೆಪ್ಪಾಗಿ ಅವಳನ್ನು ನೋಡಿದರು. ‘ಹಾಗಾದ್ರೆ ನಿನಗೆ ನಾನು ಏನೂ ಹೇಳೋ ಹಾಗಿಲ್ಲ,’ ಎಂದರು. ಎದ್ದು ಬಾಗಿಲವರೆಗೆ ಹೋದವರು ಹಿಂದಿರುಗಿ, ಆ ಮೊಳೆಯನ್ನು ಇನ್ನೊಮ್ಮೆ ತೋರಿಸೆಂದು ಕೇಳಿ, ನಿಂತುಕೊಂಡೇ ನೋಡಿ ಹೋದರು.

ಗುರುವಾರ ಬೆಳಿಗ್ಗೆ ಅಪ್ಪ ತಿಂಡಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಒಂದು ಕಾಗದ ಹಿಡಿದು ಏನನ್ನೋ ಗುನುಗುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು.

‘ಮೂರು ದಿನದಿಂದ ಇದೇ ಪಾಠ,’ ಎಂದಳು ಅಮ್ಮ, ಮಗಳ ತಟ್ಟೆಗೆ ಬಡಿಸುತ್ತ. ‘ವೇದಿಕೆ ಮೇಲೆ ಹೇಳೋ ನಾಲ್ಕು ಸಾಲು ಬಾಯಿಪಾಠ ಆಗಿಲ್ಲ ಇವರಿಗೆ. ನಾನು ಅಲ್ಲಿ ನಿನ್ನ ಹೆರೋಕೆ ಪ್ರಾಣ ಬಿಡ್ತಾ ಇದ್ದೆ, ಅದು ಒಂದು ಸುದ್ದಿ ಅಲ್ಲ. ಇವರು ಬಾಗಿಲು ತೆಗೆದಿದ್ದೇ ನಲವತ್ತು ವರ್ಷದಿಂದ ದೊಡ್ಡ ಸುದ್ದಿ.’

‘ಸುಮ್ನಿರೇ, ಮರೆತುಹೋಗುತ್ತೆ,’ ಎಂದರು ಅಪ್ಪ.

‘ಅಪ್ಪಾ, ಅದನ್ನ ಹೇಳಬೇಕಾಗಿಲ್ಲ ನೀವು,’ ಎಂದಳು ಮಗಳು. ಇಷ್ಟು ದಿನ ಕೂಡಿಟ್ಟ ಮಾತು ಒಂದೇ ಉಸಿರಿಗೆ ಹೊರಬಂತು. ‘ಅದು ನಿಮ್ಮ ತಪ್ಪಲ್ಲ. ನಾನು ನೆಗೆಟಿವ್ ನೋಡಿದೆ.’

ಅಮ್ಮನ ಕೈಯ ಸೌಟು ಗಾಳಿಯಲ್ಲೇ ನಿಂತಿತು. ಅಪ್ಪ ಕಾಗದ ಮಡಚಿದರು. ಅವರ ಪ್ರಶ್ನೆ ಕಸುಬಿನವನ ಪ್ರಶ್ನೆಯಾಗಿತ್ತು.

‘ಫ್ರೇಮ್ ಲೈನ್?’

‘ಸ್ವಚ್ಛ.’

‘ತೂತಿನ ಸುತ್ತ?’

‘ಏನೂ ಇಲ್ಲ.’

‘ಅಂಚಿನ ನಂಬರು ಓದೋಕಾಗುತ್ತಾ?’

‘ಬರಿಗಣ್ಣಲ್ಲಿ ಓದಬಹುದು, ಅಪ್ಪ.’

ಅಲ್ಲಿಗೆ ಅವರಿಗೆ ಎಲ್ಲ ಅರ್ಥವಾಯಿತು. ಅವಳು ನಿರ್ದೇಶಕರ ಮಾತನ್ನು ಪೂರ್ತಿ ಹೇಳಿ ಮುಗಿಸುವಷ್ಟು ಹೊತ್ತೂ ಅವರು ಗೋಡೆಯನ್ನೇ ನೋಡುತ್ತಿದ್ದರು.

‘ನೋಡಿದ್ರಾ! ನಾನು ಅವತ್ತೇ ಬಡ್ಕೊಂಡೆ,’ ಎಂದಳು ಅಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. ‘ಆ ಯಜಮಾನನ ಮುಂದೆ ಯಾಕೆ ಒಪ್ಪಿಕೊಂಡ್ರಿ, ಮೊದಲು ಹೋಗಿ ನೋಡಿ ಅಂತ. ಕೇಳಿದ್ರಾ ನನ್ನ ಮಾತು?’

‘ಹಾಗಾದ್ರೆ ಅದು ನಂದಲ್ಲ,’ ಎಂದರು ಅಪ್ಪ.

ಅವಳು ನಕ್ಕು ಹೌದೆನ್ನಲು ಹೊರಟವಳು ಅವರ ಮುಖ ನೋಡಿ ತಡೆದಳು.

‘ಹನ್ನೊಂದು ಸಲ ನೋಡಿದ್ದೀನಿ ಆ ಸಿನಿಮಾನ,’ ಎಂದರು. ‘ಒಬ್ಬನೇ ಹೋಗ್ತಿದ್ದೆ. ನಿಮ್ಮಮ್ಮನಿಗೂ ಹೇಳಿಲ್ಲ.’

‘ಆಸ್ಪತ್ರೇಲಿ ಹೆಚ್ಚು ಕೆಲಸ ಅಂತಿದ್ರಲ್ಲ ರೀ!’

‘ಕಡೇ ಸಾಲಲ್ಲಿ ಕೂತ್ಕೋತಿದ್ದೆ. ಆ ನಾಲ್ಕು ನಿಮಿಷ ಬಂದಾಗ ಪರದೆ ನೋಡ್ತಿರಲಿಲ್ಲ, ಜನಾನ ನೋಡ್ತಿದ್ದೆ. ಎಲ್ಲರೂ ಉಸಿರು ಬಿಗಿಹಿಡಿದು ಕೂತಿರೋರು. ಒಬ್ಬಳು ಮುದುಕಿ ಒಂದು ಸಲ ಎದ್ದು ನಿಂತುಬಿಟ್ಟಳು. ಇದು ನಾನು ಮಾಡಿದ್ದು ಅಂತ ಪಕ್ಕದವನಿಗೆ ಹೇಳಿಬಿಡೋಣ ಅನ್ನಿಸೋದು. ಹೇಳ್ತಿರಲಿಲ್ಲ. ಮೂವತ್ತು ವರ್ಷ ಎಕ್ಸ್-ರೇ ತೊಳೆದೆ. ನನ್ನ ಕೈಯಿಂದ ಆಗಿದ್ದನ್ನ ಯಾರಾದ್ರೂ ಹಾಗೆ ಉಸಿರು ಹಿಡಿದು ನೋಡಿದ್ರಾ?’

‘ಎಕ್ಸ್-ರೇಗೂ ಉಸಿರು ಹಿಡೀತಾರಲ್ಲ, ರೀ,’ ಎಂದಳು ಅಮ್ಮ. ಅವಳು ನಗಿಸಲೆಂದೇ ಹೇಳಿದ್ದಳು. ಯಾರೂ ನಗಲಿಲ್ಲ.

‘ಅಪ್ಪ, ನಿಮ್ಮನ್ನ ಅಲ್ಲಿ ಕೂರಿಸ್ತಿರೋದು ತಪ್ಪು ಮಾಡಿದವರು ಅಂತ.’

‘ಗೊತ್ತು ಕಣಮ್ಮ. ತಪ್ಪೇ ಇರ್ಲಿ. ನಂದಾಗಿತ್ತಲ್ಲ.’ ಅಪ್ಪ ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದರು, ಮತ್ತೆ ಮಡಚಿದರು. ಆಮೇಲೆ ಸಣ್ಣ ದನಿಯಲ್ಲಿ, ಅಂಗಡಿಯವನನ್ನು ಮಿಕ್ಕ ಚಿಲ್ಲರೆ ಕೇಳುವವರ ಹಾಗೆ ಕೇಳಿದರು. ‘ಬಾಗಿಲು ತೆಗೆದಿದ್ದು ಸುಳ್ಳಲ್ಲ. ಡಬ್ಬಿ ಮುಚ್ಚಳ ತೆಗೆದಿತ್ತು. ಮೂರು ಸೆಕೆಂಡು ಬೆಳಕು ಒಳಗೆ ಬಂತು, ನಾನೇ ನೋಡಿದೆ. ಆ ಬೆಳಕು ಎಲ್ಲಿಗೆ ಹೋಯ್ತು? ಎಲ್ಲಾದ್ರೂ ಬಿದ್ದಿರಬೇಕಲ್ಲ?’

‘ನಿಮ್ಮ ಮೈ ಅಡ್ಡ ಇತ್ತೇನೋ. ಮುಚ್ಚಳ ಮುಚ್ಚೇ ಇತ್ತೇನೋ. ನಲವತ್ತೊಂದು ವರ್ಷ ಆಯ್ತು, ಅಪ್ಪ.’

‘ನೀನು ಹತ್ತಕ್ಕೊಂದು ನೋಡಿದ್ದೀಯ. ಪೂರ್ತಿ ನೋಡು. ತುದೀಲಿ ನೋಡು, ಹೊರಗಿನ ಸುತ್ತಿಗೇ ಮೊದಲು ಬೆಳಕು ಬೀಳೋದು. ಸುಳ್ಳು ಬರಿ ಅಂತ ನಾನು ಹೇಳಲ್ಲ. ಹತ್ತು ಫ್ರೇಮಿದ್ರೆ ಸಾಕು. ಹತ್ತು ಫ್ರೇಮ್ ನಂದಾದ್ರೆ ಹೋಗಿ ಕೂತ್ಕೋತೀನಿ.’

ಅವಳು ಆಗಲೆಂದಳು. ಬಸ್ಸಿನಲ್ಲಿ ನಿಂತು ಲೆಕ್ಕ ಹಾಕಿದಳು: ಹತ್ತು ಫ್ರೇಮು ಎಂದರೆ ಅರ್ಧ ಸೆಕೆಂಡೂ ಇಲ್ಲ.

ಗುರುವಾರ ಇಡೀ ಹಗಲು, ಶುಕ್ರವಾರ ಬೆಳಿಗ್ಗೆ ಎಂಟರಿಂದ ಮತ್ತೆ, ಅವಳೂ ದುರ್ಬೀನೂ ಒಂದೊಂದೇ ಫ್ರೇಮಿನ ಎರಡೂ ಅಂಚು, ಮೇಲಿನ ಗೆರೆ, ಕೆಳಗಿನ ಗೆರೆ ಅಳೆಯುತ್ತ ಹೋದರು. ಅವಳು ಓದುವಳು, ಅವನು ಬರೆಯುವನು. ನೂರಾದ ಮೇಲೆ ಕೆಲಸ ಅದಲು ಬದಲು. ಸೊನ್ನೆ ಬಿಂದು ಎರಡು ನಾಲ್ಕು. ಅಂದರೆ ಬೆಳಕು ಸೋಕದ ಶುದ್ಧ ಫಿಲ್ಮಿನ ಅಂಕಿ. ಸೊನ್ನೆ ಬಿಂದು ಎರಡು ನಾಲ್ಕು. ಸೊನ್ನೆ ಬಿಂದು ಎರಡು ನಾಲ್ಕು. ವಾರದ ಆರಂಭದಲ್ಲಿ ಇದೇ ಅಂಕಿ ಬಂದಾಗಲೆಲ್ಲ ಅವಳ ಜೀವ ಹಗುರಾಗಿತ್ತು. ಈಗ ಅದೇ ಅಂಕಿ ಬಂದಾಗಲೆಲ್ಲ ಒಳಗೆ ಏನೋ ಕುಸಿಯುತ್ತಿತ್ತು. ಅಳತೆಯ ಉಪಕರಣಕ್ಕೆ ಅವಳ ಬಯಕೆ ತಿರುಗಿದ್ದು ಗೊತ್ತಾಗುವಂತಿರಲಿಲ್ಲ.

ಶುಕ್ರವಾರ ಒಂದೂವರೆಗೆ ತುದಿಯ ಹತ್ತಿರ ಬಂದರು. ಆರು ಸಾವಿರದ ಇನ್ನೂರ ತೊಂಬತ್ತೆಂಟನೆಯ ಫ್ರೇಮಿನ ಬಲ ಅಂಚಿನಲ್ಲಿ ಉಪಕರಣ ಸೊನ್ನೆ ಬಿಂದು ಎರಡು ಏಳು ತೋರಿಸಿತು.

‘ಬಂತು!’ ಎಂದ ದುರ್ಬೀನು, ಪೆನ್ನು ಬಿಟ್ಟು ಎದ್ದು.

ಅವಳು ಮೆತ್ತನೆಯ ಬಟ್ಟೆಗೆ ದ್ರಾವಣ ಮುಟ್ಟಿಸಿ ಆ ಜಾಗವನ್ನು ಒಂದೇ ದಿಕ್ಕಿನಲ್ಲಿ ಒರೆಸಿದಳು. ಬಟ್ಟೆಗೆ ಕಂದು ಬಣ್ಣದ ಒಂದು ಚುಕ್ಕೆ ಹತ್ತಿತು. ಮತ್ತೆ ಅಳೆದಳು. ಸೊನ್ನೆ ಬಿಂದು ಎರಡು ನಾಲ್ಕು.

‘ಒರೆಸ್ದೇ ಇರಬಹುದಿತ್ತು ಮೇಡಂ,’ ಎಂದ ಅವನು, ಬಹಳ ಮೆಲ್ಲಗೆ.

‘ಧೂಳು ಅದು.’

‘ಧೂಳೇ. ಒರೆಸ್ದೇ ಇರಬಹುದಿತ್ತು ಅಂದೆ.’

ಉಳಿದ ಇಪ್ಪತ್ತೆರಡು ಫ್ರೇಮುಗಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮುಗಿದಾಗ ಎರಡು ಗಂಟೆ ಹತ್ತು ನಿಮಿಷ. ಫಿಲ್ಮಿನ ಕೊನೆಯ ಖಾಲಿ ಪಟ್ಟಿಯನ್ನೂ ಅವಳು ಬಿಡಲಿಲ್ಲ. ಅಲ್ಲೂ ಅದೇ ಅಂಕಿ. ಬೇರೆ ರೋಲಿನ ಮೇಲೇನಾದರೂ ಬೆಳಕು ಬಿದ್ದಿತ್ತೋ ಎಂದು ಉಳಿದ ಆರು ಡಬ್ಬಿಗಳ ತುದಿಗಳನ್ನೂ ತೆಗೆದು ನೋಡಿದಳು. ಎಲ್ಲವೂ ಶುದ್ಧವಾಗಿದ್ದವು. ಆ ಮೂರು ಸೆಕೆಂಡಿನ ಬೆಳಕು ಗೋಡೆಯ ಮೇಲೆ ಬಿದ್ದಿರಬೇಕು, ಇಲ್ಲವೇ ಅಪ್ಪನ ಬೆನ್ನ ಮೇಲೆ.

ಮೂರು ಗಂಟೆಗೆ ಮುಖ್ಯಸ್ಥೆ ಬಂದರು. ‘ಸಭಾಂಗಣದವರು ಕೇಳ್ತಿದ್ದಾರೆ, ವೇದಿಕೆ ಮೇಲೆ ಎರಡು ಕುರ್ಚಿಯೋ ಒಂದೋ ಅಂತ. ನಿಮ್ಮ ವರದಿ ನೋಡ್ಕೊಂಡು ಹೇಳ್ತೀನಿ ಅಂದಿದ್ದೀನಿ.’

‘ವರದಿ ಏನೇ ಇದ್ರೂ ಅವರನ್ನ ಕೂರಿಸಬಹುದಲ್ವಾ ಮೇಡಂ?’

‘ಯಾರು ಅಂತ ಕೂರಿಸ್ಲಿ? ನೀವೇ ಹೇಳಿ.’ ಮುಖ್ಯಸ್ಥೆಯ ದನಿಯಲ್ಲಿ ಬಿರುಸಿರಲಿಲ್ಲ. ನಿಜಕ್ಕೂ ಉತ್ತರ ಬೇಕಾದವರಂತೆ ಕೇಳಿದ್ದರು. ಅವಳು ಅಳತೆಯ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಳು. ಅವರು ಒಂದು ಕ್ಷಣ ಕಾದು ಹೊರಟುಹೋದರು.

ದುರ್ಬೀನು ನಮೂನೆಯ ಹಾಳೆಯನ್ನು ಅವಳ ಮುಂದೆ ಸರಿಸಿ, ನಾಲ್ಕನೆಯ ಮಾತಿನ ಮೇಲೆ ಬೆರಳಿಟ್ಟ: ನಿರ್ಧರಿಸಲಾಗಿಲ್ಲ.

‘ಡೌಟ್ ಇದೆ ಅಂತ ಬರೀರಿ. ಕಣ್ಣು ಮುಚ್ಕೊಂಡು ಸಹಿ ಹಾಕ್ತೀನಿ. ನನ್ನ ಕಣ್ಣು ಹೇಗಿದ್ರೂ ಅರ್ಧ ಹೋಗಿದೆ.’

‘ಡೌಟ್ ಇಲ್ವಲ್ಲೋ.’

‘ಇಲ್ಲ,’ ಎಂದು ಅವನೂ ಒಪ್ಪಿಕೊಂಡ.

ಮೂರೂ ಇಪ್ಪತ್ತಕ್ಕೆ ಫೋನು ಬಂತು. ಅಪ್ಪ ಎಂದೂ ಕಚೇರಿಗೆ ಫೋನು ಮಾಡಿದವರಲ್ಲ.

‘ಸಿಕ್ತಾ?’

‘ಪೂರ್ತಿ ನೋಡಿದ್ವಿ, ಅಪ್ಪ. ಎರಡೂ ಅಂಚು. ತುದಿ, ಖಾಲಿ ಪಟ್ಟಿ, ಬೇರೆ ಡಬ್ಬಿಗಳೂ ಸಹ.’

ಹಿನ್ನೆಲೆಯಲ್ಲಿ ಅಮ್ಮ ‘ಏನಂತೆ, ಏನಂತೆ’ ಎನ್ನುವುದು ಕೇಳಿಸಿತು.

‘ಸರಿ. ಇದ್ದಿದ್ದನ್ನ ಬರಿ,’ ಎಂದರು ಅಪ್ಪ. ‘ಅಂಕಿ ತಿದ್ದಬೇಡ. ಕೆಲಸ ಕೆಲಸವೇ.’ ಆಮೇಲೆ, ಫೋನು ಇಡುವ ಮುಂಚೆ, ‘ದೀಪದ ಮೇಜಿನ ಗಾಜು ಒರೆಸಿದ್ರಿ ತಾನೆ?’

‘ಒರೆಸಿದ್ವಿ, ಅಪ್ಪ.’

ಅವಳು ಪೆನ್ನು ಕೈಗೆತ್ತಿಕೊಂಡಳು. ಒಬ್ಬ ಮುದುಕನಿಗೆ ಅವನು ಮಾಡದ ಶಾಟ್ ಬೇಕಿತ್ತು, ಇನ್ನೊಬ್ಬನಿಗೆ ಅವನು ಮಾಡದ ತಪ್ಪು. ಅವಳ ಕೈಯಲ್ಲಿ ಕೊಡಲು ಎರಡೂ ಇರಲಿಲ್ಲ. ಮೂರು ಐವತ್ತೆರಡಕ್ಕೆ ಅವಳು ಅಂಕಣ ಭರ್ತಿ ಮಾಡಿದಳು. ದುರ್ಬೀನು ಕೆಳಗೆ ಸಹಿ ಹಾಕಿದ. ಬರೆದದ್ದು ಇಷ್ಟು:

ದೋಷದ ಮೂಲ: ಕ್ಯಾಮೆರಾ. ಆರು ಸಾವಿರದ ಮುನ್ನೂರ ಇಪ್ಪತ್ತು ಫ್ರೇಮುಗಳನ್ನೂ ಎರಡೂ ಅಂಚುಗಳಲ್ಲಿ ಅಳೆಯಲಾಗಿದೆ. ಕೋಣೆಯ ಬೆಳಕು ತಾಗಿದ ಗುರುತು ಒಂದರಲ್ಲೂ ಇಲ್ಲ.